ಗುಡಿಸಲಿಗೆ ಮೂರು ರೂಪಾಯಿ: ಕೀನ್ಯಾದ ರೈತ ತನ್ನ ನೆಲದಲ್ಲೇ ಕೂಲಿಯಾದದ್ದು ಹೇಗೆ?

ಪ್ರಶ್ನೆ: ನಾನು ಪದವಿಯಲ್ಲಿ ಇತಿಹಾಸ ಓದುತ್ತಿದ್ದೇನೆ. ಯುರೋಪಿನವರು ಆಫ್ರಿಕಾವನ್ನು ಹಂಚಿಕೊಂಡರು ಅಂತ ನಮ್ಮ ಪುಸ್ತಕದಲ್ಲಿ ಒಂದೂವರೆ ಪುಟ ಇದೆ. ಕೆಲವೇ ಸಾವಿರ ಬಿಳಿಯರು ಲಕ್ಷಾಂತರ ಜನರನ್ನು ತಮ್ಮ ತೋಟಗಳಲ್ಲಿ ದುಡಿಸಿಕೊಂಡದ್ದು ಹೇಗೆ? ಬರೀ ಬಂದೂಕು ತೋರಿಸಿಯೇ? ಇನ್ನೊಂದು, "ಏನೇ ಆದರೂ ರೈಲು, ಶಾಲೆ, ಆಸ್ಪತ್ರೆ ತಂದವರು ಅವರೇ ಅಲ್ವಾ" ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ನೀವು "ಯಾಕೆ" ಅಂತ ಕೇಳದೆ "ಹೇಗೆ" ಅಂತ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಯಾಕೆ ಅನ್ನುವುದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ: ದುರಾಸೆ, ವ್ಯಾಪಾರ, ಪೈಪೋಟಿ. ಹೇಗೆ ಅನ್ನುವುದನ್ನು ನೋಡಲು ಒಂದು ಊರಿಗೆ, ಒಂದು ಮನೆಗೆ ಹೋಗಬೇಕು. ಇಡೀ ಆಫ್ರಿಕಾದ ಕತೆ ಹೇಳಹೊರಟರೆ ನಿಮ್ಮ ಪುಸ್ತಕದ ಒಂದೂವರೆ ಪುಟವೇ ಮತ್ತೆ ಆದೀತು. ಅದಕ್ಕೇ ಒಂದು ದೇಶ ಸಾಕು, ಕೀನ್ಯಾ.

1884ರ ನವೆಂಬರಿನಿಂದ 1885ರ ಫೆಬ್ರವರಿವರೆಗೆ ಬರ್ಲಿನ್‌ನಲ್ಲಿ ಸಭೆ ನಡೆಯಿತು. ಆಫ್ರಿಕಾದಲ್ಲಿ ಯಾರು ಎಲ್ಲಿಗೆ ಕೈ ಹಾಕಬಹುದು ಅನ್ನುವ ನಿಯಮಗಳನ್ನು ಅಲ್ಲಿ ಮಾಡಿಕೊಂಡರು. ಆಫ್ರಿಕಾದ ಒಬ್ಬನೇ ಒಬ್ಬ ಪ್ರತಿನಿಧಿ ಅಲ್ಲಿರಲಿಲ್ಲ. 1888ರಲ್ಲಿ ಪೂರ್ವ ಆಫ್ರಿಕಾಕ್ಕೆಂದೇ ಒಂದು ಬ್ರಿಟಿಷ್ ಕಂಪನಿಗೆ ರಾಣಿಯ ಸನ್ನದು ಸಿಕ್ಕಿತು. ಆ ಕಂಪನಿ ಕೈಸುಟ್ಟುಕೊಂಡಿತು. 1895ರಲ್ಲಿ ಬ್ರಿಟಿಷ್ ಸರ್ಕಾರವೇ ಆಡಳಿತ ವಹಿಸಿಕೊಂಡಿತು. ನಮ್ಮ ಈಸ್ಟ್ ಇಂಡಿಯಾ ಕಂಪನಿಯ ಕತೆ ಗೊತ್ತಿದ್ದವರಿಗೆ ಈ ದಾರಿ ಹೊಸದೇನಲ್ಲ.

ನಿಮ್ಮ ಗೆಳೆಯನ ರೈಲನ್ನೇ ಮೊದಲು ನೋಡೋಣ. ಯಾಕೆಂದರೆ ಕೀನ್ಯಾದಲ್ಲಿ ಎಲ್ಲ ಶುರುವಾದದ್ದು ರೈಲಿನಿಂದಲೇ.

ಬ್ರಿಟಿಷರಿಗೆ ಬೇಕಾಗಿದ್ದದ್ದು ಕೀನ್ಯಾ ಅಲ್ಲ, ಉಗಾಂಡ. ನೈಲ್ ನದಿ ಹೊರಡುವ ಜಾಗ ಬೇರೆಯವರ ಕೈಗೆ ಹೋದರೆ ಈಜಿಪ್ಟ್ ಕೈತಪ್ಪುತ್ತದೆ ಅನ್ನುವ ಭಯ ಅವರಿಗಿತ್ತು. ಸಮುದ್ರದ ದಂಡೆಯಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಕೀನ್ಯಾ ಸಿಗುತ್ತಿತ್ತು, ಅಷ್ಟೇ. 1896ರಲ್ಲಿ ಮೊಂಬಾಸಾದಲ್ಲಿ ಕೆಲಸ ಶುರುವಾಯಿತು. 1899ರಲ್ಲಿ ಹಳಿ ನೈರೋಬಿ ಮುಟ್ಟಿತು. 1901ರಲ್ಲಿ ವಿಕ್ಟೋರಿಯಾ ಸರೋವರದ ದಡಕ್ಕೆ ಬಂತು. ಸುಮಾರು 580 ಮೈಲಿ. ಹಳಿ ಹಾಕಿದವರು ಹೆಚ್ಚಾಗಿ ಪಂಜಾಬಿನಿಂದ ಕರೆತಂದ ಕೂಲಿಗಳು, ಒಟ್ಟು 32 ಸಾವಿರದಷ್ಟು ಜನ. ಅವರಲ್ಲಿ ಸುಮಾರು ಎರಡೂವರೆ ಸಾವಿರ ಜನ ಅಲ್ಲೇ ಸತ್ತರು. ಖರ್ಚು 50 ಲಕ್ಷ ಪೌಂಡ್ ದಾಟಿತು.

ಹಳಿ ಮುಗಿದ ಮೇಲೆ ಲಂಡನ್ನಿಗೆ ಒಂದು ಚಿಂತೆ ಹತ್ತಿತು. ರೈಲಿದೆ, ಆದರೆ ಸಾಗಿಸಲು ಸರಕೇ ಇಲ್ಲ. ಹಾಕಿದ ದುಡ್ಡು ವಾಪಸ್ ಬರುವುದು ಹೇಗೆ? ಆಗ ಅಲ್ಲಿ ಕಮಿಷನರ್ ಆಗಿದ್ದ ಚಾರ್ಲ್ಸ್ ಎಲಿಯಟ್ ಕಂಡುಕೊಂಡ ದಾರಿ ಇದು: ಎತ್ತರದ, ತಂಪಾದ, ಮಳೆ ಚೆನ್ನಾಗಿ ಬೀಳುವ ಜಾಗಗಳಿಗೆ ಬಿಳಿಯ ರೈತರನ್ನು ಕರೆತರುವುದು. ಅವರು ಬೆಳೆಯುತ್ತಾರೆ, ರೈಲು ಸಾಗಿಸುತ್ತದೆ. ನಿಮ್ಮ ಗೆಳೆಯನಿಗೆ ಇದನ್ನು ಹೇಳಿ. ಅಲ್ಲಿಯ ಜನರಿಗೆ ಅನುಕೂಲವಾಗಲಿ ಅಂತ ರೈಲು ಬರಲಿಲ್ಲ. ರೈಲಿನ ಸಾಲ ತೀರಲಿ ಅಂತ ಆ ಜನರ ಭೂಮಿ ಹೋಯಿತು.

ಬಂದೂಕು ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ರೈಲು ಹಾದುಹೋಗುವ ನಾಡಿನಲ್ಲಿ ನಂದಿ ಜನ ಸುಮಾರು ಹತ್ತು ವರ್ಷ ಬ್ರಿಟಿಷರನ್ನು ಎದುರಿಸಿದರು. ಅವರ ನಾಯಕ ಕೊಯಿತಾಲೆಲ್ ಅರಪ್ ಸಮೋಯಿ. 1905ರ ಅಕ್ಟೋಬರ್ 19ರಂದು ಸಂಧಿ ಮಾತಿಗೆ ಬನ್ನಿ ಎಂದು ಕರೆದು, ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಅಧಿಕಾರಿ ಅವರನ್ನು ಗುಂಡಿಟ್ಟು ಕೊಂದ. ಆಮೇಲೆ ನಂದಿ ಹೋರಾಟ ಮುರಿದುಬಿತ್ತು. ಆದರೆ ಒಂದು ಯೋಚಿಸಿ. ಬಂದೂಕಿನಿಂದ ಒಬ್ಬನನ್ನು ಕೊಲ್ಲಬಹುದು, ಓಡಿಸಬಹುದು. ದಿನಾ ಬೆಳಿಗ್ಗೆ ಎದ್ದು ತಾನಾಗಿಯೇ ತೋಟದ ಕೆಲಸಕ್ಕೆ ಬರುವ ಹಾಗೆ ಮಾಡುವುದು ಕಷ್ಟ. ಅದಕ್ಕೆ ಬೇರೆ ಉಪಾಯ ಬೇಕು.

ಅದಕ್ಕೂ ಮೊದಲು "ಖಾಲಿ ಜಮೀನು" ಅನ್ನುವ ಮಾತಿನ ಬಗ್ಗೆ ಹೇಳಲೇಬೇಕು. ಬಿಳಿಯರು ಬಂದಾಗ ಎಷ್ಟೋ ಕಡೆ ನೆಲ ಖಾಲಿಯಾಗಿಯೇ ಕಂಡಿತು, ಅದು ಸುಳ್ಳಲ್ಲ. ಆದರೆ ಯಾಕೆ ಖಾಲಿಯಾಗಿತ್ತು? 1880ರ ದಶಕದ ಕೊನೆಯಲ್ಲಿ, ಎರಿಟ್ರಿಯಾಕ್ಕೆ ಇಟಲಿಯ ಸೈನ್ಯ ತಂದ ದನಗಳ ಜೊತೆ ರಿಂಡರ್‌ಪೆಸ್ಟ್ ಆಫ್ರಿಕಾಕ್ಕೆ ಬಂತು. ನಮ್ಮ ಹಿರಿಯ ರೈತರು ದೊಡ್ಡರೋಗ ಅನ್ನುತ್ತಿದ್ದರಲ್ಲ, ಅದೇ. ಕೆಲವೇ ವರ್ಷಗಳಲ್ಲಿ ದನದ ಹಟ್ಟಿಗಳು ಬರಿದಾದವು. ದನವೇ ಜೀವನವಾಗಿದ್ದ ಮಸಾಯಿ ಜನ ಕಂಗೆಟ್ಟುಹೋದರು. ಹಿಂದೆಯೇ ಸಿಡುಬು ಬಂತು. 1890ರ ದಶಕದ ಕೊನೆಗೆ ಬರಗಾಲ. ನೈರೋಬಿಯ ಸುತ್ತಮುತ್ತ ಇದ್ದ ಕಿಕುಯು ರೈತರಲ್ಲಿ ಬಹಳ ಜನ ಸತ್ತರು. ಉಳಿದವರು ಉತ್ತರದಲ್ಲಿದ್ದ ನೆಂಟರ ಊರುಗಳಿಗೆ ಹೋದರು. ಮಳೆ ಬಂದ ಮೇಲೆ ವಾಪಸ್ ಬರೋಣ ಅಂದುಕೊಂಡೇ ಹೋದರು.

ಕಿಕುಯು ಜನರಲ್ಲಿ ಜಮೀನಿಗೆ ಗಿಥಾಕ ಅಂತಾರೆ. ಅದು ಒಬ್ಬನದಲ್ಲ, ಎಂಬಾರಿ ಅನ್ನುವ ಇಡೀ ಮನೆತನದ್ದು. ಗಡಿ ಎಲ್ಲಿ, ಯಾವ ಅಜ್ಜ ಕಾಡು ಕಡಿದು ಹೊಲ ಮಾಡಿದ್ದು, ಎಲ್ಲವೂ ಬಾಯಲ್ಲೇ ಇರುತ್ತಿತ್ತು. ಒಂದಷ್ಟು ಹೊಲ ಬೀಳು ಬಿಡುವುದು, ಒಂದಷ್ಟು ಮೇವಿಗೆ ಇಡುವುದು, ಜಮೀನಿಲ್ಲದ ನೆಂಟರಿಗೆ ಉಳಲು ಕೊಡುವುದು, ಎಲ್ಲ ಇತ್ತು. ಪಹಣಿ ಮಾತ್ರ ಇರಲಿಲ್ಲ. ಬಂದವರಿಗೆ ಬೀಳು ಹೊಲ ಕಂಡಿತು, ಅದರ ಹಿಂದಿನ ಮನೆತನ ಕಾಣಲಿಲ್ಲ. ಕಾಣುವುದು ಅವರಿಗೆ ಬೇಕಾಗಿಯೂ ಇರಲಿಲ್ಲ.

1902ರ ಕಾನೂನು ಬಿಳಿಯರಿಗೆ ಜಮೀನನ್ನು 99 ವರ್ಷದ ಗುತ್ತಿಗೆಗೆ ಕೊಡುವ ದಾರಿ ಮಾಡಿತು. ಲಾರ್ಡ್ ಡೆಲಮಿಯರ್ ಎಂಬ ಒಬ್ಬನಿಗೇ 1903ರಲ್ಲಿ ಒಂದು ಲಕ್ಷ ಎಕರೆ ಸಿಕ್ಕಿತು. 1915ರಲ್ಲಿ ಗುತ್ತಿಗೆಯ ಅವಧಿ 999 ವರ್ಷ ಆಯಿತು. ಸರಿಯಾಗಿ ಓದಿದಿರಿ, ಒಂದು ಸಾವಿರಕ್ಕೆ ಒಂದು ಕಡಿಮೆ. ಆಫ್ರಿಕನ್ನರು ವಾಸವಿದ್ದ ಜಾಗವೂ ಸೇರಿ ಎಲ್ಲವೂ ರಾಜನ ಜಮೀನು ಅಂತ ಅದೇ ಕಾನೂನು ಹೇಳಿತು. 1921ರಲ್ಲಿ ಕೋರ್ಟು ಇನ್ನೂ ಬಿಡಿಸಿ ಹೇಳಿತು: ಕಿಕುಯು ಜನ ಸರ್ಕಾರದ ಮರ್ಜಿ ಇರುವವರೆಗೆ ಮಾತ್ರ ಇರಬಹುದಾದ ಗೇಣಿದಾರರು. ಅಜ್ಜ ಕಡಿದ ಕಾಡಿನಲ್ಲಿ ಮೊಮ್ಮಗ ಗೇಣಿದಾರ.

ಮಸಾಯಿ ಜನರಿಗೆ ಆದದ್ದು ಇನ್ನೂ ಬೇಸರದ ಕತೆ. 1904ರಲ್ಲಿ ರಿಫ್ಟ್ ಕಣಿವೆಯ ಒಳ್ಳೆಯ ಹುಲ್ಲುಗಾವಲು ಬಿಡಿಸಿ, ಅವರನ್ನು ಎರಡು ಮೀಸಲು ಜಾಗಗಳಿಗೆ ಕಳಿಸಿದರು. ಮಸಾಯಿ ಕುಲ ಇರುವವರೆಗೆ ಈ ಒಪ್ಪಂದ ಇರುತ್ತದೆ ಅಂತ ಬರೆದುಕೊಟ್ಟರು. ಏಳೇ ವರ್ಷಕ್ಕೆ, 1911ರಲ್ಲಿ, ಉತ್ತರದ ಜಾಗವೂ ಬಿಳಿಯರಿಗೆ ಬೇಕಾಯಿತು. ಮಸಾಯಿ ಜನ ಕೋರ್ಟಿಗೆ ಹೋದರು. ಒಪ್ಪಂದ ಎರಡು ಬೇರೆ ಬೇರೆ ದೇಶಗಳ ನಡುವಿನದು, ಅದನ್ನು ನಾವು ವಿಚಾರಿಸಲು ಬರುವುದಿಲ್ಲ ಅಂತ ಕೋರ್ಟು ಅರ್ಜಿ ತಳ್ಳಿಹಾಕಿತು. ಆಳುವಾಗ ಪ್ರಜೆ, ನ್ಯಾಯ ಕೇಳುವಾಗ ಪರದೇಶಿ.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರೋಣ. ಭೂಮಿ ಸಿಕ್ಕಿತು. ಉಳುವವರು ಯಾರು? ಬಿಳಿಯರ ಬಳಿ ಲಕ್ಷ ಎಕರೆ ಇದ್ದರೂ ಕಳೆ ಕೀಳಲು ಕೈಗಳಿರಲಿಲ್ಲ. ಆಫ್ರಿಕನ್ ರೈತನಿಗೆ ಕೂಲಿಗೆ ಹೋಗುವ ಅಗತ್ಯವೂ ಇರಲಿಲ್ಲ. ಅವನ ಹೊಲದಲ್ಲಿ ರಾಗಿ, ಜೋಳ, ಗೆಣಸು ಇತ್ತು. ಮನೆಯಲ್ಲಿ ಆಡುಗಳಿದ್ದವು. ಕೊಡುಕೊಳ್ಳುವಿಕೆ ಆಡಿನಲ್ಲೇ ನಡೆಯುತ್ತಿತ್ತು. ದುಡ್ಡಿಲ್ಲದೆಯೇ ಬದುಕು ತುಂಬಿಕೊಂಡಿತ್ತು.

ಹಾಗಾಗಿ ಮೊದಲು ದುಡ್ಡಿನ ಅಗತ್ಯ ಹುಟ್ಟಿಸಿದರು. ಅದರ ಹೆಸರು ಗುಡಿಸಲು ತೆರಿಗೆ.

ಇದು ಶುರುವಾದದ್ದು 1901-02ರಲ್ಲಿ. ಮೊದಲು ಗುಡಿಸಲಿಗೆ ಒಂದು ರೂಪಾಯಿ, ಸ್ವಲ್ಪ ಕಾಲದಲ್ಲೇ ಮೂರು ರೂಪಾಯಿ. ಹೌದು, ರೂಪಾಯಿಯೇ. ಆಗ ಪೂರ್ವ ಆಫ್ರಿಕಾದಲ್ಲಿ ಓಡುತ್ತಿದ್ದದ್ದು ಭಾರತದ ಬೆಳ್ಳಿ ರೂಪಾಯಿ. 1920ರವರೆಗೂ ಲೆಕ್ಕವೆಲ್ಲ ರೂಪಾಯಿಯಲ್ಲೇ. ಅಪರಾಧಗಳಿಗೆ ಶಿಕ್ಷೆ ಕೊಡುತ್ತಿದ್ದದ್ದೂ ನಮ್ಮ ಇಂಡಿಯನ್ ಪೀನಲ್ ಕೋಡ್ ಪ್ರಕಾರವೇ. ನಮ್ಮ ಮೇಲೆ ಹಾಕಿ ನೋಡಿದ ನೊಗವನ್ನೇ ಅವರು ಅಲ್ಲಿಗೂ ಒಯ್ದಿದ್ದರು.

ಒಂದು ಕಿಕುಯು ಮನೆಯನ್ನು ಕಣ್ಣೆದುರು ತಂದುಕೊಳ್ಳಿ. ನಾವು ಮನೆ ಅಂದರೆ ಒಂದು ಸೂರು ಅಂದುಕೊಳ್ಳುತ್ತೇವೆ. ಅಲ್ಲಿ ಹಾಗಲ್ಲ. ಬೇಲಿಯೊಳಗೆ ಗಂಡಸಿಗೆ ಒಂದು ಗುಡಿಸಲು. ಪ್ರತಿ ಹೆಂಡತಿಗೂ ತನ್ನದೇ ಗುಡಿಸಲು, ತನ್ನದೇ ಒಲೆ. ವಿಧವೆ ತಾಯಿ ಇದ್ದರೆ ಅವಳದ್ದು ಬೇರೆ. ಅಂದರೆ ಒಂದು ಕುಟುಂಬಕ್ಕೆ ಮೂರೋ ನಾಲ್ಕೋ ಗುಡಿಸಲು. ಲೆಕ್ಕ ತೆಗೆಯುವವನು ಹುಲ್ಲಿನ ಛಾವಣಿಗಳನ್ನು ಎಣಿಸುತ್ತಾನೆ. ಮೂರು ಛಾವಣಿ ಅಂದರೆ ಒಂಬತ್ತು ರೂಪಾಯಿ. ಆಗ ತೋಟದ ಕೂಲಿಗೆ ತಿಂಗಳಿಡೀ ದುಡಿದರೆ ಸಿಗುತ್ತಿದ್ದದ್ದು ನಾಲ್ಕೈದು ರೂಪಾಯಿ. ಅಂದರೆ ಹೆಂಡತಿ, ತಾಯಿ ತಮ್ಮ ತಮ್ಮ ಒಲೆಯ ಮುಂದೆ ಕೂತಿರಲಿ ಅನ್ನುವುದಕ್ಕಾಗಿಯೇ ಒಬ್ಬ ಗಂಡಸು ಎರಡು ತಿಂಗಳು ಬೇರೆಯವರ ಹೊಲದಲ್ಲಿ ದುಡಿಯಬೇಕು. ತೆರಿಗೆ ಉಳಿಸಲು ಜನ ಗುಡಿಸಲು ಕಡಿಮೆ ಮಾಡಿ ಒಂದರಲ್ಲೇ ತುಂಬಿಕೊಂಡರು. ಕೊಡದವರ ಆಡುಗಳನ್ನು ಹಿಡಿದುಕೊಂಡು ಹೋದರು. ಎಷ್ಟೋ ಕಡೆ ಗುಡಿಸಲಿಗೇ ಬೆಂಕಿ ಇಟ್ಟರು. ಮನೆಕಂದಾಯ ಕಟ್ಟಲಿಲ್ಲ ಅಂತ ಮನೆಯನ್ನೇ ಸುಡುವುದು ಎಂಥ ನ್ಯಾಯ, ನೀವೇ ಹೇಳಿ.

1910ರಲ್ಲಿ ಗುಡಿಸಲಿಲ್ಲದ ಹುಡುಗರ ಮೇಲೂ ತಲೆಗಂದಾಯ ಬಂತು. ಇನ್ನೂ ಮದುವೆಯಾಗದ, ಮನೆ ಕಟ್ಟದ ಯುವಕರು ತಪ್ಪಿಸಿಕೊಳ್ಳಬಾರದಲ್ಲ.

ಇದು ನನ್ನ ಊಹೆ ಅಂದುಕೊಳ್ಳಬೇಡಿ. 1912-13ರಲ್ಲಿ ಕೂಲಿಗಳ ಕೊರತೆ ವಿಚಾರಿಸಲು ಒಂದು ಆಯೋಗ ಕೂತಿತು. ತೆರಿಗೆ ಏರಿಸಿ, ಮೀಸಲು ಜಾಗ ಕಡಿಮೆ ಮಾಡಿ, ಆಗ ಅವರು ಕೆಲಸಕ್ಕೆ ಬಂದೇ ಬರುತ್ತಾರೆ ಅಂತ ಬಿಳಿಯ ತೋಟಗಾರರು ಅದರ ಮುಂದೆ ಬಾಯಿಬಿಟ್ಟು ಹೇಳಿದರು. ಡೆಲಮಿಯರ್ ಕೂಡ ಅವರಲ್ಲಿ ಒಬ್ಬ. ತೆರಿಗೆ ಇದ್ದದ್ದು ಬೊಕ್ಕಸ ತುಂಬಲು ಮಾತ್ರ ಅಲ್ಲ, ಮನುಷ್ಯನನ್ನು ಮನೆಯಿಂದ ಹೊರಗೆಳೆಯಲು.

ದುಡ್ಡು ಬೇಕು ತಾನೇ, ಬೆಳೆದು ಮಾರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆ ಬಾಗಿಲನ್ನೂ ಮುಚ್ಚಿದರು. ಒಳ್ಳೆಯ ದುಡ್ಡು ತರುವ ಬೆಳೆ ಕಾಫಿ. ಆಫ್ರಿಕನ್ನರು ಕಾಫಿ ಬೆಳೆಯಲು 1930ರ ದಶಕದವರೆಗೂ ಬಿಡಲಿಲ್ಲ. ಕಿಕುಯು ರೈತರಿಗೆ ದೊಡ್ಡ ಮಟ್ಟದಲ್ಲಿ ಅವಕಾಶ ಸಿಕ್ಕಿದ್ದು 1954ರ ನಂತರ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಎರಡು ಎಕರೆ ಕಾಫಿ ಇಟ್ಟುಕೊಂಡವರಿಗೆ ಇದರ ಅರ್ಥ ಥಟ್ಟನೆ ಆಗುತ್ತದೆ. ಬೇಲಿಯಾಚೆ ಬಿಳಿಯನ ತೋಟದಲ್ಲಿ ಹಣ್ಣು ಕೊಯ್ಯಬಹುದು, ಬೇಲಿಯೀಚೆ ಒಂದು ಗಿಡ ನೆಡುವ ಹಾಗಿಲ್ಲ.

ಜಮೀನು ಕಳೆದುಕೊಂಡ ಎಷ್ಟೋ ಕುಟುಂಬಗಳು ಬಿಳಿಯರ ಎಸ್ಟೇಟಿನಲ್ಲೇ ಒಂದು ಮೂಲೆಯಲ್ಲಿ ಬಿಡಾರ ಹೂಡಿದವು. ಅವರನ್ನು ಸ್ಕ್ವಾಟರ್ ಅಂದರು. 1918ರ ಕಾನೂನಿನ ಪ್ರಕಾರ ಅವರು ವರ್ಷಕ್ಕೆ ಕಡಿಮೆ ಅಂದರೆ 180 ದಿನ ಮಾಲೀಕನಿಗೆ ದುಡಿಯಬೇಕು. ಮೊದಲ ಮಹಾಯುದ್ಧ ಬಂದಾಗ ಲಕ್ಷಾಂತರ ಗಂಡಸರನ್ನು ಸೈನ್ಯದ ಹೊರೆ ಹೊರಲು ಎಳೆದೊಯ್ದರು. ಕೀನ್ಯಾದಿಂದ ಹೋದವರಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ರೋಗದಿಂದ. ನೈರೋಬಿಯಲ್ಲಿ ಇವತ್ತಿಗೂ ಕರಿಯಾಕೋರ್ ಅಂತ ಒಂದು ಮಾರುಕಟ್ಟೆ ಇದೆ. ಕ್ಯಾರಿಯರ್ ಕೋರ್ ಅನ್ನುವ ಆ ಹೊರೆಯಾಳುಗಳ ಪಡೆಯ ಹೆಸರು ಜನರ ಬಾಯಲ್ಲಿ ಹಾಗಾಯಿತು.

ಯುದ್ಧ ಮುಗಿದ ಮೇಲೆ ಕಿಪಾಂಡೆ ಬಂತು. ಸ್ವಾಹಿಲಿಯಲ್ಲಿ ಕಿಪಾಂಡೆ ಅಂದರೆ ತುಂಡು. 1915ರಲ್ಲೇ ಕಾನೂನು ಆಗಿತ್ತು, ಜಾರಿಗೆ ಬಂದದ್ದು 1919-20ರಲ್ಲಿ. ಹದಿನಾರು ದಾಟಿದ ಪ್ರತಿಯೊಬ್ಬ ಆಫ್ರಿಕನ್ ಗಂಡಸೂ ತನ್ನ ಮೀಸಲು ಜಾಗ ಬಿಟ್ಟು ಹೊರಗೆ ಕಾಲಿಟ್ಟರೆ ಅದನ್ನು ಇಟ್ಟುಕೊಂಡಿರಲೇಬೇಕು. ಮಡಚಿದ ಒಂದು ಕಾಗದ. ಅದರಲ್ಲಿ ಹೆಸರು, ಕುಲ, ಬೆರಳಚ್ಚು. ಕೆಳಗೆ ಬರೆದು ತುಂಬಲು ಚೌಕದ ಮನೆಗಳು ಹಾಕಿದ್ದಾರೆ: ಯಾರ ಹತ್ತಿರ ಕೆಲಸ, ಯಾವತ್ತು ಸೇರಿದ, ಸಂಬಳ ಎಷ್ಟು, ಯಾವತ್ತು ಬಿಡುಗಡೆ. ಆ ಕೊನೆಯ ಮನೆಯೇ ಬೀಗ. ಮಾಲೀಕ ಸಹಿ ಹಾಕಿ ಬಿಡುಗಡೆ ಅಂತ ಬರೆಯದಿದ್ದರೆ ಬೇರೆ ಕಡೆ ಕೆಲಸ ಸಿಗುವುದಿಲ್ಲ. ಹೇಳದೆ ಕೆಲಸ ಬಿಟ್ಟು ಹೋದರೆ ಅದು ಅಪರಾಧ, ಬೆರಳಚ್ಚಿನಿಂದ ಹುಡುಕಿ ಹಿಡಿಯುತ್ತಾರೆ. ಹಳೇ ಸಂಬಳ ಅಲ್ಲೇ ಬರೆದಿರುವುದರಿಂದ ಹೊಸ ಮಾಲೀಕ ಜಾಸ್ತಿ ಕೊಡುವ ಮಾತೇ ಇಲ್ಲ.

ಕಾಗದ ಹಾಳಾಗದಿರಲಿ ಅಂತ ಅದನ್ನು ಒಂದು ಸಣ್ಣ ತಗಡಿನ ಡಬ್ಬಿಯಲ್ಲಿಟ್ಟು, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕಿತ್ತು. ಕಿಕುಯು ಜನ ಅದಕ್ಕೆ ಇಟ್ಟ ಹೆಸರು ಎಂಬುಗಿ, ಅಂದರೆ ಆಡಿನ ಕೊರಳ ಗಂಟೆ. ಆಡು ಕಾಯುತ್ತಾ ಬೆಳೆದ ಜನ ಅವರು. ಗಂಟೆ ಯಾರ ಕೊರಳಿಗೆ ಕಟ್ಟುತ್ತಾರೆ, ಯಾಕೆ ಕಟ್ಟುತ್ತಾರೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜನ ಸುಮ್ನೆ ಇರಲಿಲ್ಲ. ನೈರೋಬಿಯ ಸರ್ಕಾರಿ ಖಜಾನೆ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಹ್ಯಾರಿ ಥುಕು ಎಂಬ ಯುವಕ ಕಿಪಾಂಡೆ, ತೆರಿಗೆ, ಕೂಲಿ ಕಡಿತ ಮೂರರ ವಿರುದ್ಧವೂ ಊರೂರು ತಿರುಗಿ ಮಾತಾಡಿದರು. ಆ ಹೊತ್ತಿಗೆ ರೂಪಾಯಿಯ ಬದಲು ಶಿಲಿಂಗ್ ಬಂದಿತ್ತು, ತೆರಿಗೆ 16 ಶಿಲಿಂಗ್ ಆಗಿತ್ತು. 1922ರ ಮಾರ್ಚ್ 14ರಂದು ಅವರನ್ನು ಹಿಡಿದರು. 16ರಂದು ಸಾವಿರಾರು ಜನ ಪೊಲೀಸ್ ಠಾಣೆ ಮುಂದೆ ಸೇರಿದರು. ಮುಂದಾಳುಗಳು ಒಳಗೆ ಮಾತಾಡಿ ಬಂದು, ಮನೆಗೆ ಹೋಗಿ ಅಂದರು. ಗಂಡಸರು ಹೊರಡಲು ಎದ್ದರು. ಆಗ ಮೇರಿ ಮುಥೋನಿ ನ್ಯಾಂಜಿರು ಎಂಬ ಹೆಣ್ಣುಮಗಳು ಮುಂದೆ ಬಂದು, ಲಂಗ ಎತ್ತಿ ಹಿಡಿದು, ಗಂಡಸರ ಧೈರ್ಯವನ್ನೇ ಕೆಣಕಿದರು. ಕಿಕುಯು ಹೆಂಗಸು ಹಾಗೆ ಮಾಡಿದರೆ ಅದು ಶಾಪಕ್ಕೆ ಸಮ. ಜನ ವಾಪಸ್ ತಿರುಗಿದರು. ಗುಂಡು ಹಾರಿತು. ಮುಥೋನಿ ಸತ್ತರು. ಸರ್ಕಾರದ ಲೆಕ್ಕದಲ್ಲೇ ಸತ್ತವರು 21. ಥುಕು ಅವರನ್ನು ಗಡೀಪಾರು ಮಾಡಿದರು. ಆದರೆ ತೆರಿಗೆ 12 ಶಿಲಿಂಗಿಗೆ ಇಳಿಯಿತು. ಆ ನಾಲ್ಕು ಶಿಲಿಂಗಿಗೆ ಎಷ್ಟು ರಕ್ತ ಹರಿಯಿತು ಅನ್ನುವುದನ್ನು ನೀವು ಪರೀಕ್ಷೆಯಲ್ಲಿ ಬರೆಯದಿದ್ದರೂ ನೆನಪಿಟ್ಟುಕೊಳ್ಳಿ.

ಭಾರತೀಯರ ಪಾಲು ಏನು ಅಂತ ನೀವು ಕೇಳಿಲ್ಲ. ಆದರೂ ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ನಾವು ಅಲ್ಲಿ ನಡುವೆ ಸಿಕ್ಕಿಕೊಂಡವರು. ಬಿಳಿಯರಿಗೆಂದೇ ಇಟ್ಟಿದ್ದ ಎತ್ತರದ ನಾಡಿನಲ್ಲಿ ಭಾರತೀಯನೂ ಜಮೀನು ಕೊಳ್ಳುವ ಹಾಗಿರಲಿಲ್ಲ. ಆದರೆ ಹಳ್ಳಿ ಹಳ್ಳಿಯ ಅಂಗಡಿ ಭಾರತೀಯನದೇ. ತೆರಿಗೆಗೆ ಬೇಕಾದ ರೂಪಾಯಿಗಾಗಿ ರೈತ ಜೋಳ, ತೊಗಲು ತಂದು ಮಾರುತ್ತಿದ್ದದ್ದು ಅಲ್ಲೇ, ಬಹಳ ಸಲ ಅಂಗಡಿಯವನು ಹೇಳಿದ ರೇಟಿಗೆ. ಇದನ್ನು ಮುಚ್ಚಿಡಬಾರದು. ಹಾಗೆಯೇ ಥುಕು ಅವರಿಗೆ ಬೆನ್ನು ಕೊಟ್ಟ ಪತ್ರಕರ್ತ ಮಣಿಲಾಲ್ ದೇಸಾಯಿ ಇದ್ದರು. ಕಾರ್ಮಿಕ ಸಂಘ ಕಟ್ಟಿ ಹನ್ನೊಂದು ವರ್ಷ ಬಂಧನದಲ್ಲಿ ಕಳೆದ ಮಖನ್ ಸಿಂಗ್ ಇದ್ದರು. ನಮಗೆ ಇನ್ನೂ ಹತ್ತಿರದವರು ಪಿಯೊ ಗಾಮಾ ಪಿಂಟೊ. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ, ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಕೀನ್ಯಾಕ್ಕೆ ಮರಳಿ ಹೋರಾಟಗಾರರ ಜೊತೆ ನಿಂತರು. 1954ರಿಂದ 1959ರವರೆಗೆ ಬಂಧನದಲ್ಲಿದ್ದರು. ಸ್ವತಂತ್ರ ಕೀನ್ಯಾದ ಸಂಸತ್ತಿಗೂ ಹೋದರು. 1965ರ ಫೆಬ್ರವರಿ 24ರಂದು ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಧಾರವಾಡದಲ್ಲಿ ಓದುವ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಅಂತ ನನಗೆ ತುಂಬಾ ಆಸೆ.

1948ರ ಜನಗಣತಿಯಲ್ಲಿ ಆಫ್ರಿಕನ್ನರು ಸುಮಾರು 52 ಲಕ್ಷ, ಬಿಳಿಯರು ಸುಮಾರು 30 ಸಾವಿರ. ಮೀಸಲು ಜಾಗಗಳು ಕಿಕ್ಕಿರಿದಿದ್ದವು. ಎಸ್ಟೇಟುಗಳಿಂದ ಸ್ಕ್ವಾಟರ್‌ಗಳನ್ನು ಒಕ್ಕಲೆಬ್ಬಿಸುತ್ತಿದ್ದರು. ಬ್ರಿಟಿಷರ ವಿರುದ್ಧ ಹೆಚ್ಚಾಗಿ ಕಿಕುಯು ಜನ ನಡೆಸಿದ ಮೌ ಮೌ ದಂಗೆ ಎದ್ದದ್ದು ಈ ಇಕ್ಕಟ್ಟಿನಿಂದ. 1952ರ ಅಕ್ಟೋಬರ್ 20ರಂದು ತುರ್ತು ಪರಿಸ್ಥಿತಿ ಘೋಷಿಸಿದರು. ದಂಗೆಕೋರರೂ ಕ್ರೂರವಾಗಿ ಕೊಂದಿದ್ದಾರೆ. ಸರ್ಕಾರದ ಪರ ಇದ್ದ ತಮ್ಮದೇ ಕಿಕುಯು ಕುಟುಂಬಗಳನ್ನು 1953ರಲ್ಲಿ ಲಾರಿ ಎಂಬ ಊರಿನಲ್ಲಿ ಸುಟ್ಟರು, ಕಡಿದರು. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ತಕ್ಕಡಿಯ ಇನ್ನೊಂದು ಕಡೆ ನೋಡಿ. ಆ ವರ್ಷಗಳಲ್ಲಿ ಸತ್ತ ಬಿಳಿಯ ನೆಲೆಸಿಗರು 32. ಗಲ್ಲಿಗೇರಿಸಿದ ಆಫ್ರಿಕನ್ನರೇ ಸಾವಿರಕ್ಕೂ ಹೆಚ್ಚು. ಹತ್ತು ಲಕ್ಷಕ್ಕೂ ಮೀರಿ ಜನರನ್ನು ಊರು ಬಿಡಿಸಿ, ಮುಳ್ಳುತಂತಿಯ ಹೊಸ ಹಳ್ಳಿಗಳಿಗೆ ತಳ್ಳಿದರು. 1959ರ ಮಾರ್ಚ್ 3ರಂದು ಹೋಲಾ ಎಂಬ ಬಂಧನ ಶಿಬಿರದಲ್ಲಿ, ಕೆಲಸ ಮಾಡುವುದಿಲ್ಲ ಅಂದ ಬಂಧಿಗಳನ್ನು ಹೊಡೆದು 11 ಜನರನ್ನು ಕೊಂದರು. ಅವರು ಕುಡಿದ ನೀರಿನಿಂದ ಸತ್ತರು ಅಂತ ಸರ್ಕಾರ ಮೊದಲು ಹೇಳಿಕೆ ಕೊಟ್ಟಿತು.

ಇನ್ನು ಗೆಳೆಯನ ಶಾಲೆ, ಆಸ್ಪತ್ರೆ. ಮಿಷನರಿಗಳು ಶಾಲೆ ತೆರೆದದ್ದು ನಿಜ, ಅಲ್ಲಿ ಓದಿದವರೇ ಮುಂದೆ ಹೋರಾಟಕ್ಕೂ ಇಳಿದರು. ಆದರೆ ಖರ್ಚು ಯಾರದು ಅಂತ ಅವನನ್ನು ಕೇಳಿ. ಬಡ ರೈತ 1901ರಿಂದ ಗುಡಿಸಲಿಗೆ ತೆರಿಗೆ ಕಟ್ಟುತ್ತಿದ್ದ. ಬಿಳಿಯ ಜಮೀನ್ದಾರರ ಮೇಲೆ ಆದಾಯ ತೆರಿಗೆ ಹಾಕಲು 1920ರ ಹೊತ್ತಿಗೆ ಒಮ್ಮೆ ಪ್ರಯತ್ನ ನಡೆಯಿತು, ಅವರು ಗಲಾಟೆ ಮಾಡಿದರು, ಬಿಟ್ಟುಬಿಟ್ಟರು. ಅದು ಗಟ್ಟಿಯಾಗಿ ಬಂದದ್ದು 1937ರಲ್ಲಿ. ರೈಲಿನ ಕವಲು ಹಳಿಗಳು ಹೆಚ್ಚಾಗಿ ಹೋದದ್ದು ಬಿಳಿಯರ ತೋಟಗಳ ಕಡೆಗೇ. ತಂದವರು ಅವರು ಅನ್ನುವುದಾದರೆ ದುಡ್ಡು ಕೊಟ್ಟವರು ಇವರು.

2013ರಲ್ಲಿ ಬ್ರಿಟಿಷ್ ಸರ್ಕಾರ ಶಿಬಿರಗಳಲ್ಲಿ ಹಿಂಸೆ ಅನುಭವಿಸಿದ 5,228 ಜನರಿಗೆ ಸುಮಾರು 2 ಕೋಟಿ ಪೌಂಡ್ ಪರಿಹಾರ ಕೊಟ್ಟು ವಿಷಾದ ಹೇಳಿತು. ಆ ಹೊತ್ತಿಗೆ ಅವರೆಲ್ಲ ಅಜ್ಜ ಅಜ್ಜಿಯರಾಗಿದ್ದರು.

ಭೂಮಿಯ ವಿಷಯ ಒಂದು ಉಳಿಯಿತು. 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಸುತ್ತಮುತ್ತಲ ಆ ವರ್ಷಗಳಲ್ಲಿ ಬಿಳಿಯರ ಹತ್ತು ಲಕ್ಷ ಎಕರೆಯಷ್ಟು ಜಮೀನನ್ನು ಸುಮಾರು 35 ಸಾವಿರ ಆಫ್ರಿಕನ್ ಕುಟುಂಬಗಳಿಗೆ ಹಂಚಿದರು. ಹಂಚಿದರು ಅಂದರೆ ಸುಮ್ನೆ ಕೊಡಲಿಲ್ಲ. ಬಿಟ್ಟುಹೋಗುವ ಬಿಳಿಯರಿಗೆ ಮಾರುಕಟ್ಟೆ ಬೆಲೆ ಕೊಟ್ಟು ಕೊಂಡರು. ದುಡ್ಡು ಬಂದದ್ದು ಬ್ರಿಟನ್ ಮತ್ತು ವಿಶ್ವ ಬ್ಯಾಂಕಿನ ಸಾಲದಿಂದ. ತುಂಡು ಜಮೀನು ಸಿಕ್ಕ ಪ್ರತಿ ರೈತನ ಹೆಸರಿಗೂ ಅದರ ಸಾಲ ಬಂತು. ಗುಡಿಸಲು ತೆರಿಗೆ ಕಟ್ಟಲು ಕೂಲಿಗೆ ಹೋದವನ ಮಗ, ಅಜ್ಜನ ಹೊಲಕ್ಕೆ ವರ್ಷವರ್ಷ ಕಂತು ಕಟ್ಟಿದ.